ಎಡೆಯ ಮುಂದಿನ ಮೊದಲ ಮಾತು

ರವಿಕೆಯ ತೋಳಿಗೆ ಲೈನಿಂಗ್ ಕೂಡಿಸುತ್ತಿದ್ದ ಶ್ರೀಲತಾ ತಲೆಯೆತ್ತಿದಳು. ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ.

ಅವಳ ಬಾಯಲ್ಲಿ ಗುಂಡುಸೂಜಿಗಳು. "ಯಾರು?" ಎನ್ನಲೂ ಆಗಲಿಲ್ಲ.

"ನಾನು ಜಯಚಂದ್ರ. ಬ್ರಹ್ಮಸಮುದ್ರದ ಕಡೆಯೋನು... ಗಿರಿಯಪ್ಪನ ತಮ್ಮ."

ಗಿರಿಯಪ್ಪ! ಮೂರು ವರ್ಷದ ಹಿಂದೆ ಅವಳ ಅಣ್ಣ ಪೆದ್ದಣ್ಣನನ್ನು ಹೊಲದಲ್ಲೇ ಕಡಿದವನು. ಆಮೇಲೆ ತಾಯಿ, ಮಗಳು ಊರು ಬಿಟ್ಟು ಹಿಂದೂಪುರಕ್ಕೆ ಬಂದು, ಈ ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು.

ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಯಾಕೆ ಬಂದೆ?"

"ನಿಮ್ಮ ದೊಡ್ಡಪ್ಪನ ಕಡೆಯೋರು ನನ್ನ ಹುಡುಕ್ತಾ ಅವ್ರೆ. ನಮ್ಮಣ್ಣ ಜೈಲಲ್ಲವ್ನೆ, ಕೈಗೆ ಸಿಕ್ಕಲ್ಲ. ನಾನು ಸಿಗ್ತೀನಿ. ನಮ್ಮನೆಯೋರೂ ಬಾಗ್ಲು ಹಾಕ್ಬುಟ್ರು. ಒಂದಷ್ಟು ದಿನ ಇರೋಕೆ ಜಾಗ ಕೊಡಿ."

"ಊರೆಲ್ಲ ಬಿಟ್ಟು ನಮ್ಮನೇನೇ ಸಿಕ್ತಾ?"

"ಇಲ್ಲಿ ಮಾತ್ರ ನನ್ನ ಯಾರೂ ಹುಡ್ಕಲ್ಲ ಕಣಮ್ಮ."

ಎಂಥ ಧೈರ್ಯ ಇವನಿಗೆ!

"ಎವರಮ್ಮಾ ವಚ್ಚಿಂದಿ?" ಎಂದು ತೆಲುಗಿನಲ್ಲಿ ಬಂದವರು ಯಾರೆಂದು ವಿಚಾರಿಸುತ್ತ ಅಡುಗೆಮನೆಯಿಂದ ಬಂದ ತಾಯಿ ನರಸಕ್ಕ, ವಿಷಯ ಕೇಳಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಮೇಲೆ ಶೀಟಿನ ರೂಮೈತೆ, ಇರ್ಲಿ ಬಿಡು. ಸಾಯ್ಸೋಕೆ ಬಂದೋನಾಗಿದ್ರೆ ಚಪ್ಪಲಿ ಬಿಟ್ಟು ಬತ್ತಿದ್ನಾ?"

ಹೀಗೆ ಹಗೆಯ ಮನೆಯವನು ಅವರ ಮನೆಯಲ್ಲೇ ಉಳಿದ.

ಅವನು ಸುಮ್ಮನೆ ಕೂರುವವನಲ್ಲ. ನೀರು ತುಂಬಿದ, ರವಿಕೆಗಳಿಗೆ ಇಸ್ತ್ರಿ ಹಾಕಿದ. ಹುಕ್ಕು ಹೊಲಿಯಲೂ ಕೂತ.

"ಏನಯ್ಯಾ ಇದು? ಹುಕ್ಕೂ ಅದನ್ನ ಸಿಗಿಸೋ ಕಾಜವೂ ಒಂದೇ ಕಡೆ ಹೊಲ್ದಿದೀಯ!"

"ಹಾಕ್ಕೊಳ್ಳೋರು ನೀವು, ನಂಗೇನು ಗೊತ್ತು?"

ನರಸಕ್ಕ ಒಳಗಿಂದಲೇ ಬಿದ್ದು ಬಿದ್ದು ನಕ್ಕಳು. ಅಣ್ಣ ಹೋದ ಮೇಲೆ ಅಮ್ಮನ ನಗುವನ್ನು ಶ್ರೀಲತಾ ಅಂದೇ ಕೇಳಿದ್ದು.

ಅವನು ಮೆಟ್ಟಿಲಿಳಿಯುವ ಸದ್ದಿಗೆ ಅವಳ ಮಿಷನ್ ತಾನಾಗಿ ನಿಲ್ಲುತ್ತಿತ್ತು. 'ಏನಾಗ್ತಿದೆ ನಂಗೆ? ಅಣ್ಣನ್ನ ಕೊಂದ ಮನೆಯವನಲ್ವಾ ಇವನು...'

ಅಷ್ಟರಲ್ಲಿ ದೊಡ್ಡಪ್ಪ ಅಶ್ವತ್ಥಪ್ಪನ ಫೋನು ಬಂತು.

"ನಾಳೆ ಪೆದ್ದಣ್ಣನ ಎಡೆ ಕಣಮ್ಮ. ಬಂದ್ಬುಡು. ಈ ಸಲ ಗಿರಿಯಪ್ಪನ ತಮ್ಮನ ಹೆಸ್ರಲ್ಲೇ ಆಣೆ. ಅವತ್ತು ಹೊಲದಲ್ಲಿ ಅವ್ನೂ ಇದ್ದ, ಗೊತ್ತಾ?"

ಅವರ ಮನೆತನದಲ್ಲಿ ಹಗೆಗೆ ಸತ್ತವನಿಗೆ ಒಡಹುಟ್ಟಿದವಳೇ ಎಡೆ ಇಡಬೇಕು. ಆ ಎಡೆಯ ಎಲೆ ಮುಟ್ಟಿ ಮೊದಲು ಆಡಿದ ಮಾತನ್ನು ಮನೆಯವರು ಯಾರೂ ಮೀರುವಂತಿಲ್ಲ. ಪ್ರತಿ ವರ್ಷ ಅವಳು ಎಡೆ ಇಟ್ಟು ಹಿಂದೆ ಸರಿಯುತ್ತಿದ್ದಳು, ದೊಡ್ಡಪ್ಪ ಎಲೆ ಮುಟ್ಟಿ ಗಿರಿಯಪ್ಪನ ಮನೆಯವರ ಜೀವ ತೆಗೆಯುವ ಆಣೆ ಹಾಕುತ್ತಿದ್ದ.

ಆದರೆ ಈಗ ಎದೆಯಲ್ಲಿ ಉರಿದದ್ದು ಒಂದೇ ಮಾತು. ಅವನೂ ಇದ್ದ!

ಮೆಟ್ಟಿಲು ಹತ್ತಿ ಹೋದಳು. "ಅವತ್ತು ಹೊಲದಲ್ಲಿ ನೀನೂ ಇದ್ಯಾ?"

"...ಇದ್ದೆ."

"ಹೊರಟು ಹೋಗು!"

ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದ.

ಹಿಂದೆಯೇ ಬಂದ ನರಸಕ್ಕ ಗದರಿದಳು. "ಯಾಕಿದ್ದೆ ಅಂತ ಕೇಳೇ ಮೊದ್ಲು!"

ಅವನ ಕೈ ನಿಂತಿತು.

"ತಡೆಯೋಕೆ ಓಡ್ದೆ... ತಡವಾಯ್ತು. ನಿಮ್ಮಣ್ಣನ್ನ ಜೀಪಲ್ಲಿ ಹಾಕ್ಕೊಂಡು ಕಲ್ಯಾಣದುರ್ಗದ ಆಸ್ಪತ್ರೆಗೆ ಹೊರಟೆ. ದಾರೀಲಿ ನನ್ನ ತೊಡೆ ಮೇಲೇ ಜೀವ ಬಿಟ್ಟ. ನಮ್ಮಣ್ಣನ ಮೇಲೆ ಕೋರ್ಟಲ್ಲಿ ಸಾಕ್ಷಿ ಹೇಳ್ದೋನೂ ನಾನೇ."

ನರಸಕ್ಕ ಗೋಡೆ ಹಿಡಿದು ಕೂತಳು. ಕೋರ್ಟಿನ ಕೆಲಸವೆಲ್ಲ ದೊಡ್ಡಪ್ಪನೇ ನೋಡಿಕೊಂಡಿದ್ದ. ಈ ತಾಯಿ, ಮಗಳು ಆ ಕಡೆ ಹೋದವರೇ ಅಲ್ಲ.

"ದೊಡ್ಡಪ್ಪ ಒಂದು ಮಾತೂ ಹೇಳ್ಲಿಲ್ವಲ್ಲ!" ಎಂದಳು ಶ್ರೀಲತಾ.

"ಹೇಳಿದ್ರೆ ಆಣೆ ಹಾಕೋಕೆ ಯಾರ ಹೆಸ್ರು ಉಳೀತಿತ್ತು?" ಎಂದಳು ನರಸಕ್ಕ.

ಶ್ರೀಲತಾ ಅವನತ್ತ ತಿರುಗಿದಳು. "ನೀನಾದ್ರೂ ಬಂದ ದಿನವೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಋಣಕ್ಕೆ ಅಂತ ಜಾಗ ಕೊಡ್ತಿದ್ರಿ. ನಂಗದು ಬೇಡ್ವಾಗಿತ್ತು."

"ಮತ್ತೇನು ಬೇಕಾಗಿತ್ತು?"

"ಅವತ್ತು ಜಾಗ." ತಲೆ ತಗ್ಗಿಸಿದ. "ಈಗ... ನೀನು."

ಶ್ರೀಲತಾ ಮುಂದೆ ಬಂದು ಚೀಲ ಕಸಿದುಕೊಂಡಳು. ಅವನ ಅಂಗಿಗಳನ್ನು ತೆಗೆದು, ಕೊಡವಿ, ಒಂದೊಂದಾಗಿ ಹಗ್ಗದ ಮೇಲೆ ಹಾಕಿದಳು. ಕಣ್ಣು ತುಂಬಿದ್ದರೂ ಒರೆಸಿಕೊಳ್ಳಲಿಲ್ಲ.

ಬೆಳಿಗ್ಗೆ ಅವಳು ಊರಿಗೆ ಹೊರಟಾಗ ಅವನ ಮುಖ ಬಾಡಿತ್ತು.

"ಎಡೆ ಇಡೋಕಾ?"

"ಹೂಂ. ನಾನೇ ಇಡ್ಬೇಕಲ್ಲ."

"ಹೋಗ್ಬೇಡ ಅನ್ನಲ್ಲ. ನಿಮ್ಮಣ್ಣ ಅವ್ನು."

ಆ ಮಾತಿಗೇ ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು...

"ಸಂಜೆಗೆ ಬತ್ತೀನಿ. ಮುದ್ದೆ ಮಾಡಿರು."

"ಜೊತೆಗೆ?"

"ಕಡ್ಲೆಕಾಯಿ ಚಟ್ನಿ. ಖಾರ ಕಡ್ಮೆ ಹಾಕಯ್ಯಾ, ಮೊನ್ನೆ ನಾಲ್ಗೆ ಸುಟ್ಬುಟ್ಟೆ!"

ಅವನು ಕೊನೆಗೂ ನಕ್ಕ.

ಕಲ್ಯಾಣದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಶ್ರೀಲತಾಳಿಗೆ ಮನಸ್ಸು ತಿಳಿಯಾಗಿತ್ತು. ಈ ಸಲ ಎಡೆ ಇಟ್ಟ ಕೈಯನ್ನು ಅವಳು ಹಿಂದಕ್ಕೆ ತೆಗೆಯುವುದಿಲ್ಲ. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ, ಜಯಚಂದ್ರ ತನ್ನ ಗಂಡನಾಗುವವನು ಎಂದು ಎಲೆ ಮುಟ್ಟಿ ಹೇಳುತ್ತಾಳೆ.

ಅಮ್ಮನಿಗೆ ಹೇಳಿರಲಿಲ್ಲ. ಅವನಿಗೂ ಹೇಳಿರಲಿಲ್ಲ.

"ಎಲ್ಲಿಗಮ್ಮ, ತವರಿಗಾ?" ಪಕ್ಕದ ಹೆಂಗಸು ಕೇಳಿದಳು.

"ಹೂಂ," ಎಂದಳು ಶ್ರೀಲತಾ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.