ಬೀಸುವ ಕಲ್ಲಿನ ಮೇಲೊಂದು ಸಮುದ್ರ

“ಯಾವ ವಾರ ಬೇ? ಸೋಮವಾರೋ, ಮಂಗಳವಾರೋ?”

ಹಿಂದಿನ ಬೆಂಚಿನಿಂದ ದುಂಡೇಶ ಕೂಗಿದ್ದೇ ತಡ, ಇಡೀ ಐದನೇ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬೋರ್ಡಿನ ಮುಂದೆ ನಿಂತಿದ್ದ ಸಾರಿಕಾಳ ಮುಖ ಕೆಂಪಾಯಿತು. ಅವಳು ಹೇಳಿದ್ದು ಇಷ್ಟೇ: “ವಾರಾ ಸಮುದ್ರದ ನೀರನ್ನ ತಳ್ಳತೈತಿ.” ಮರಾಠಿಯಲ್ಲಿ ವಾರಾ ಅಂದರೆ ಗಾಳಿ. ಹೋದ ವರ್ಷದವರೆಗೂ ಗಡಿಯಾಚೆಯ ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ. ಅವಸರದಲ್ಲಿ ಬಾಯಿಗೆ ಅದೇ ಬಂತು, ಏನು ಮಾಡೋದು ಪಾಪ!

“ನಗೂದು ಸಾಕು!” ಸುಂದರಾ ಟೀಚರ್ ಗದರಿದರು. “ಸಾರಿಕಾ, ನಾಳೆ ಮತ್ತ ಹೇಳು. ಗಾಳಿ ಸೀದಾ ತಳ್ಳಿದ್ರೂ ನೀರು ಯಾಕ ಬಾಗತೈತಿ, ಅದನ್ನ ತೋರಿಸಿದ್ರ ಚಿಕ್ಕೋಡಿ ವಿಜ್ಞಾನ ಮೇಳಕ್ಕ ನೀನ ಹೋಗಾಕಿ.”

ಶಾಲೆಯ ಹಿಂದೆಯೇ ಅವಳ ಮನೆ. ಅಂಗಳದಲ್ಲಿ ಅಜ್ಜಿ ಬೀಸುವ ಕಲ್ಲಿನಲ್ಲಿ ಗೋಧಿ ನುಚ್ಚು ಒಡೆಯುತ್ತಿದ್ದಳು.

“ನಾ ಹೋಗಂಗಿಲ್ಲ! ಯಾವ ಮೇಳಾನೂ ಬ್ಯಾಡ!” ಸಾರಿಕಾ ಧೊಪ್ಪನೆ ಕೂತಳು. ಕೈಯಲ್ಲಿ ಸೀಮೆಸುಣ್ಣದ ತುಂಡು ಇನ್ನೂ ಇತ್ತು. ಸಿಟ್ಟಿನಲ್ಲಿ ತಿರುಗುವ ಕಲ್ಲಿನ ಮೇಲೆ ನಡುವಿನಿಂದ ಅಂಚಿಗೆ ಅದನ್ನು ಎಳೆದೇಬಿಟ್ಟಳು.

“ಅಗ ಪೋರೀ! ನುಚ್ಚಿನ್ಯಾಗ ಸುಣ್ಣ ಬೀಳತೈತಿ!” ಅಜ್ಜಿ ಕಲ್ಲು ನಿಲ್ಲಿಸಿದಳು.

ಸಾರಿಕಾ ಕಣ್ಣರಳಿಸಿದಳು. ಎಳೆದದ್ದು ನೆಟ್ಟಗೆ, ಮೂಡಿದ್ದು ಮಾತ್ರ ಬಿಲ್ಲಿನಂಥ ಗೆರೆ! ಸಿಟ್ಟು ಎಲ್ಲಿ ಹೋಯಿತೋ.

ಮರುದಿನ ಇಡೀ ತರಗತಿ ಆ ಅಂಗಳದಲ್ಲಿತ್ತು. ಸಾರಿಕಾ ಅಗಲವಾದ ಪರಾತದಲ್ಲಿ ನೀರು ತುಂಬಿ, ಮೇಲೆ ಹೊಟ್ಟು ಉದುರಿಸಿ ಉಫ್ ಎಂದು ಊದಿದಳು. ಹೊಟ್ಟು ಸರಸರ ಸರಿಯಿತು.

“ಗಾಳಿ ಅನ್ರಿ, ವಾರಾ ಅನ್ರಿ, ಅದು ಸಮುದ್ರದ ಮೇಲಿನ ನೀರನ್ನ ಹಿಂಗ ತಳ್ಳತೈತಿ. ಈಗ ಈ ಕಲ್ಲ ಭೂಮಿ, ನಡುವ ಉತ್ತರ ಧ್ರುವ.”

ಅವಳು ಅಜ್ಜಿಯಿಂದ ಕಲ್ಲನ್ನು ಎಡಕ್ಕೆ ತಿರುವಿಸಿ ಗೆರೆ ಎಳೆದಳು. ಗೆರೆ ಬಲಕ್ಕೆ ಬಾಗಿತು. “ದಕ್ಷಿಣ ಧ್ರುವದ ಕಡಿಂದ ನೋಡಿದ್ರ ಭೂಮಿ ಉಲ್ಟಾ ತಿರಗತೈತಿ,” ಎಂದು ಕಲ್ಲನ್ನು ಉಲ್ಟಾ ತಿರುವಿಸಿ ಎಳೆದಾಗ ಎಡಕ್ಕೆ ಬಾಗಿತು.

“ಉತ್ತರದ ಸಮುದ್ರದಾಗ ನೀರು ಬಲಕ್ಕ ಹೊಳ್ಳತೈತಿ, ದಕ್ಷಿಣದಾಗ ಎಡಕ್ಕ. ಮುಂದ ಸಮುದ್ರದ ದಂಡಿ ಅಡ್ಡ ಬರತೈತಿ, ಮತ್ತ ಹೊಳ್ಳತೈತಿ. ಹಿಂಗ ನಮ್ಮ ದೇಶಕ್ಕಿಂತ ದೊಡ್ಡ ದೊಡ್ಡ ಸುತ್ತು ಆಗತಾವ!”

ಯಾರೂ ನಗಲಿಲ್ಲ. ಅಬ್ಬಾ! ಕೃಷ್ಣೆಯನ್ನೇ ದೊಡ್ಡದು ಅಂದುಕೊಂಡಿದ್ದ ಮಕ್ಕಳು ಬಾಯಿ ತೆರೆದು ನಿಂತಿದ್ದರು.

“ಸರೀರಿ, ನಾ ಎಳೀತೇನಿ. ನಂದು ಸೀದಾನ ಬರತೈತಿ,” ಎಂದು ದುಂಡೇಶ ಮುಂದೆ ನುಗ್ಗಿದ. ಅಜ್ಜಿ ಕಲ್ಲು ತಿರುವಿದಳು, ಅವನು ನಾಲಿಗೆ ಕಚ್ಚಿಕೊಂಡು ಎಳೆದ. ಕಲ್ಲು ನಿಂತಾಗ ಅವನ ಗೆರೆಯೂ ಡೊಂಕು!

“ಡೊಂಕ ದುಂಡ್ಯಾ! ಡೊಂಕ ದುಂಡ್ಯಾ!” ಎಲ್ಲರೂ ಕೇಕೆ ಹಾಕಿದರು.

“ಟೀಚರ್, ನಾ ಸೀದಾನ ಎಳದೇನ್ರಿ! ಖರೇನ ಸೀದಾ ಎಳದೇನ್ರಿ!” ದುಂಡೇಶನ ಕಿವಿ ಕೆಂಪಾದವು.

ಸಾರಿಕಾಳ ನಾಲಿಗೆ ತುದಿಯಲ್ಲಿ ಒಂದು ಖಾರದ ಮಾತಿತ್ತು. ಬಿಟ್ಟಿದ್ದರೆ ಎಲ್ಲರೂ ಇನ್ನಷ್ಟು ನಗುತ್ತಿದ್ದರು. ಅವಳು ಅವನ ಕಣ್ಣು ನೋಡಿದಳು. ನೀರು ತುಂಬಿಕೊಂಡಿತ್ತು.

“ನಗಬ್ಯಾಡ್ರಿ,” ಎಂದಳು. “ಅಂವ ಸೀದಾನ ಎಳದಾನ. ಕಲ್ಲು ತಿರಗಾಕತ್ತಿತ್ತು, ಅದಕ್ಕ ಹಂಗ ಆಗೇತಿ.”

ಕೇಕೆ ನಿಂತಿತು. ದುಂಡೇಶ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

“ಶಾಬ್ಬಾಸ್! ಚಿಕ್ಕೋಡಿಗೆ ತಯಾರಾಗು ಸಾರಿಕಾ,” ಎಂದರು ಸುಂದರಾ ಟೀಚರ್.

“ಟೀಚರ್, ಗೆರೀ ಎಳಿಯೂಮುಂದ ಕಲ್ಲು ತಿರವಾಕ ಇನ್ನೊಬ್ರು ಬೇಕಾಗತೈತ್ರಿ,” ಸಾರಿಕಾ ಮೆಲ್ಲಗೆ ಹೇಳಿದಳು. “ದುಂಡೇಶ ಬರ್ಲಿ.”