ಬಾಯಿ ಮುಚ್ಚಿಸಿದ ಕಾರು

ನಾನು ಕಾರಿನ ಡಿಕ್ಕಿಯೊಳಗೆ ಮಲಗಿದ್ದೆ. ಮುಚ್ಚಳ ಹೊರಗಿನಿಂದ ಲಾಕ್ ಆಗಿತ್ತು.

ಕಾರು ಓಡುತ್ತಿತ್ತು. ನನ್ನ ಮೂಗಿನ ಕೆಳಗೆ ರಸ್ತೆಯೂ ಓಡುತ್ತಿತ್ತು.

ಹೌದು, ರಸ್ತೆಯೇ. ಕಾರ್ಪೆಟ್ ಎತ್ತಿದ್ದೆ. ಅದರಡಿಯ ಕಪ್ಪು ಅಂಟನ್ನು ಉಗುರಿನಿಂದ ಕೆರೆದಿದ್ದೆ. ಅಂಟಿನಡಿ, ಹಿಂದಿನ ಸೀಟಿನ ಬುಡದಲ್ಲೇ, ಬೆಸುಗೆಯ ಗೆರೆಯೊಂದು ಕಾರಿನ ಈ ಬದಿಯಿಂದ ಆ ಬದಿಗೆ ಹೋಗಿತ್ತು. ನಡುವೆ ಬೆಸುಗೆ ಬಿಟ್ಟಿತ್ತು. ತಿರುವು ಬಂದಾಗೆಲ್ಲ ಸೀಳು ಬಾಯಿ ತೆರೆಯುತ್ತಿತ್ತು. ನೇರ ರಸ್ತೆಗೆ ಬಂದಾಗ ಮುಚ್ಚುತ್ತಿತ್ತು. ಪ್ರತಿ ಸಲವೂ ಒಂದು ಸದ್ದು...

ಕಿರ್ರ್... ಟಕ್.

ಇದು ಒಂದು ಕಾರಲ್ಲ. ಎರಡು. ಮುಂದೆ ಗುದ್ದಿದ ಒಂದರ ಹಿಂಭಾಗ, ಹಿಂದೆ ಗುದ್ದಿಸಿಕೊಂಡ ಇನ್ನೊಂದರ ಮುಂಭಾಗ. ಯಾರೋ ಎರಡಕ್ಕೂ ಮದುವೆ ಮಾಡಿಸಿದ್ದರು. ಮದುವೆ ಮುರಿಯುತ್ತಿತ್ತು.

ಡಿಕ್ಕಿಯೊಳಗೆ ಯಾಕೆ ಹೋದೆ ಅಂತ ಕೇಳುತ್ತೀರಿ. ಅದೇ ನನ್ನ ಕಸುಬು. ಹೆಸರು ಬುರುಲ್. ಬಿಷ್ಕೆಕ್‌ನ ಹಳೆ ಕಾರು ಬಜಾರಿನ ಹಿಂದೆ ನನ್ನದೊಂದು ಮರದ ಶೆಡ್ಡು. ಎಂಜಿನ್ ನನಗೆ ಬೇಡ, ಬ್ರೇಕ್ ಬೇಡ. ಕಾರಿನೊಳಗಿನ ಕಿರಿಕಿರಿ ಸದ್ದುಗಳನ್ನು ಹಿಡಿಯುತ್ತೇನೆ. ಡ್ಯಾಶ್‌ಬೋರ್ಡಿನ ಟಕಟಕ, ಸೀಟಿನ ಗೊಣಗಾಟ, ಬಾಗಿಲಿನೊಳಗೆ ಉರುಳಾಡುವ ನಟ್ಟು. ಗಿರಾಕಿ ಓಡಿಸಬೇಕು, ನಾನು ಸದ್ದಿರುವ ಕಡೆ ಕಿವಿ ಕೊಟ್ಟು ಬಿದ್ದಿರಬೇಕು. ಸೀಟಿನ ಕೆಳಗಾದರೂ ಸರಿ, ಡಿಕ್ಕಿಯಾದರೂ ಸರಿ.

ಈ ಗಿರಾಕಿಯ ಮೇಲೆ ನನಗೆ ಬೆಳಿಗ್ಗೆಯೇ ಅನುಮಾನ ಬಂದಿತ್ತು.

ಸದ್ದು ತಂದವರು ಯಾರೇ ಆಗಲಿ, ಅದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ದೊಡ್ಡ ಅಧಿಕಾರಿಗಳೂ ನನ್ನ ಶೆಡ್ಡಿನಲ್ಲಿ ನಿಂತು ಕಪ್ಪೆಯಂತೆ ವಟಗುಟ್ಟಿದ್ದಾರೆ. ಒಬ್ಬ ಅಜ್ಜಿಯಂತೂ, "ನಮ್ಮ ಯಜಮಾನ್ರು ಒಣಮೊಸರಿನ ಉಂಡೆ ಕಡೀತಿದ್ರಲ್ಲ, ಥೇಟ್ ಹಾಗೇ," ಅಂದಿದ್ದಳು. ಸೀಟಿನಡಿಯಲ್ಲಿ ನಿಜಕ್ಕೂ ಒಂದು ಉಂಡೆ ಸಿಕ್ಕಿತ್ತು.

ತಿಲೆಕ್ ಸದ್ದು ಮಾಡಿ ತೋರಿಸಲಿಲ್ಲ. ತಿಲೆಕ್ ಅಂದರೆ ಬಜಾರಿನಲ್ಲಿ ಕಾರು ಮಾರುವವನು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು.

"ಅಕ್ಕಾ, ಹಿಂದ್ಗಡೆ ಏನೋ ಸದ್ದು. ಹುಡುಕೋದೆಲ್ಲ ಬೇಡ. ಬಾಯಿ ಮುಚ್ಚಿಸಿಬಿಡಿ ಸಾಕು."

"ಹುಡುಕದೇ ಹೇಗೆ ಮುಚ್ಚಿಸ್ಲಿ?"

"ನೀವು ಬುದ್ಧಿವಂತರು."

ಈ ಮಾತು ಕೇಳಿದಾಗಲೆಲ್ಲ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಆವತ್ತು ಮಾತ್ರ ಮುಟ್ಟಿಕೊಳ್ಳದೆ ಡಿಕ್ಕಿ ಹತ್ತಿದೆ.

ಸೀಟಿನ ಆಚೆಯಿಂದ ತಿಲೆಕ್‌ನ ದನಿ ಕೇಳಿಸಿತು. ಫೋನಿನಲ್ಲಿದ್ದ.

"ಜೂರಾ ಅಕ್ಕಾ, ಸದ್ದು ಹೋಗೋವರೆಗೂ ಕಾರು ತಗೊಳಲ್ಲ ಅಂದ್ರಲ್ಲ... ಈಗ ಬನ್ನಿ. ರಿಪೇರಿ ಆಗ್ತಿದೆ... ಇವತ್ತೇ ನರಿನ್‌ಗೆ ಹೊರಡ್ತೀರಾ? ಪ್ಯಾಸೆಂಜರ್ ಆಗ್ಲೇ ಸಿಕ್ಕಿದಾರಾ? ಭೇಷ್. ಮಗೂನೂ ಇದೆಯಾ? ಭೇಷ್, ಭೇಷ್."

ಸೀಳಿನಿಂದ ಕೈ ಹಿಂದಕ್ಕೆಳೆದುಕೊಂಡೆ.

ನರಿನ್ ರಸ್ತೆ ನಿಮಗೆ ಗೊತ್ತಲ್ಲ. ಬೂಮ್ ಕಣಿವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನದಿ. ಅದರಾಚೆ ಡೊಲೊನ್ ಘಾಟಿ. ಸೀಳು ಬಿಟ್ಟ ಕಾರಿಗೆ ಅಲ್ಲಿ ನೇರ ರಸ್ತೆ ಯಾರು ಕೊಡುತ್ತಾರೆ?

ಕಾರು ನಿಂತಿತು. ಕಾರ್ಪೆಟ್ ಎಳೆದು ಮುಚ್ಚಿದೆ.

ಮುಚ್ಚಳ ತೆರೆಯಿತು. ಬಿಸಿಲು ಕಣ್ಣಿಗೆ ಹೊಡೆಯಿತು. ಬಜಾರಿಲ್ಲ, ಮನೆಗಳಿಲ್ಲ. ಊರಾಚೆಯ ಕಾಲುವೆ ದಂಡೆ. ತಿಲೆಕ್‌ನ ಕೈಯಲ್ಲಿ ಜ್ಯಾಕಿನ ರಾಡು.

"ಏನ್ ಸಿಕ್ತು?"

"ತಗಡು ಉಜ್ಜುತ್ತಿದೆ. ಅಷ್ಟೇ."

"ಕಾರ್ಪೆಟ್ ಎತ್ತಿದ್ರಾ?"

"ಇಲ್ಲ."

ಅವನು ನನ್ನ ಕೈ ನೋಡಿದ.

"ಉಗುರೆಲ್ಲ ಕಪ್ಪಾಗಿದೆಯಲ್ಲ ಅಕ್ಕಾ."

"ರಿಪೇರಿ ಮಾಡೋಳ ಉಗುರು ಇನ್ನೇನು ಮದುವೆ ಹೆಣ್ಣಿನ ಥರ ಇರ್ಬೇಕಾ?"

ನಕ್ಕ. ಕಣ್ಣು ನಗಲಿಲ್ಲ.

"ನಿಮ್ಮ ಶೆಡ್ಡು ಮರದ್ದು, ಅಲ್ವಾ? ಹಳೇ ಮರ. ಬೇಗ ಹತ್ಕೊಳ್ಳತ್ತೆ." ರಾಡಿನಿಂದ ತನ್ನ ಬೂಟಿಗೆ ಮೆಲ್ಲಗೆ ತಟ್ಟಿಕೊಂಡ. "ಈಗ ಸದ್ದು ನಿಲ್ಲಿಸಿ. ಇಲ್ಲೇ. ನನ್ನ ಕಣ್ಣ ಮುಂದೆ."

ನಿಲ್ಲಿಸಿದೆ.

ಗುಡಾರಕ್ಕೆ ಹೊದಿಸುವ ದಪ್ಪ ಉಣ್ಣೆಯ ಪಟ್ಟಿಗಳು ನನ್ನ ಚೀಲದಲ್ಲಿ ಸದಾ ಇರುತ್ತವೆ. ಅದಕ್ಕಿಂತ ಒಳ್ಳೆಯ ಮದ್ದು ಯಾವ ದೇಶದಲ್ಲೂ ಇಲ್ಲ. ಒಂದೊಂದೇ ಪಟ್ಟಿಯನ್ನು ಸೀಳಿಗೆ ತುರುಕಿದೆ. ಅವನು ಕಾರನ್ನು ಆಚೀಚೆ ತಿರುಗಿಸಿ ನೋಡಿದ.

ಸದ್ದಿಲ್ಲ. ಒಂದು ಪಿಸುಮಾತೂ ಇಲ್ಲ.

ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ.

ತಿಲೆಕ್ ಕೈ ಚಾಚಿದ. "ಫೋನ್ ಕೊಡಿ." ಕೊಟ್ಟೆ. ಕಾಲುವೆಗೆ ಎಸೆದ.

"ನಡ್ಕೊಂಡು ಬನ್ನಿ. ತಲೆ ತಣ್ಣಗಾಗತ್ತೆ."

ಕಾರು ಸದ್ದಿಲ್ಲದೆ ಹೋಯಿತು.

ಹುಲ್ಲು ತುಂಬಿದ ಲಾರಿಯೊಂದು ಸಿಗುವವರೆಗೆ ನಡೆದೆ. ಹುಲ್ಲಿನ ಮೇಲೆ ಕೂತು ಯೋಚಿಸಿದೆ. ಪೊಲೀಸ್? ಏನಂತ ದೂರು ಕೊಡಲಿ? ಸ್ವಾಮಿ, ಒಂದು ಕಾರು ಸದ್ದು ಮಾಡುತ್ತಿಲ್ಲ, ಹಿಡಿಯಿರಿ ಅಂತಲೇ? ಜೂರಾಳ ನಂಬರಿಲ್ಲ. ಮುಖ ಗೊತ್ತಿಲ್ಲ. ಗೊತ್ತಿದ್ದದ್ದು ಹೆಸರು, ಊರು, ಬಿಳಿ ಕಾರು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನರಿನ್‌ಗೆ ಹೋಗುವ ಬಾಡಿಗೆ ಕಾರುಗಳೆಲ್ಲ ತುಂಬುವುದು ಒಂದೇ ಕಡೆ, ಬಸ್ ನಿಲ್ದಾಣದ ಎದುರು.

ಶೆಡ್ಡಿನಿಂದ ನನ್ನ ಕಾರು ತೆಗೆದೆ. ಸೋವಿಯತ್ ಕಾಲದ್ದು. ಅದರಲ್ಲಿ ಸದ್ದು ಮಾಡದ ಭಾಗ ಹಾರ್ನ್ ಒಂದೇ. ಚಮ್ಮಾರನ ಹೆಂಡತಿಗೆ ಚಪ್ಪಲಿಯಿಲ್ಲ, ಬಿಡಿ.

ನಿಲ್ದಾಣದಲ್ಲಿ ಮಾಂಸದ ಸಮೋಸ ಮಾರುವ ಹೆಂಗಸನ್ನು ಕೇಳಿದೆ.

"ಜೂರಾನಾ? ಆಗ್ಲೇ ಹೋದ್ಲು. ಹೊಸ ಕಾರಂತೆ, ಏನ್ ಗತ್ತು ಅಂತೀಯ. ಇಲ್ಲಿವರೆಗೂ ನನ್ ಹತ್ರ ತಿಂದೋಳು, ಇವತ್ತು ಕಾರಲ್ಲಿ ಎಣ್ಣೆ ಬೀಳತ್ತೆ ಅಂತ ಬೇಡ ಅಂದ್ಲು."

"ಎಷ್ಟೊತ್ತಾಯ್ತು?"

"ನೀನ್ಯಾರು? ಯಾಕೆ ಬೇಕು?"

"ಅವಳ ಕಾರಲ್ಲಿ ನನ್ನ ವಸ್ತು ಉಳ್ದಿದೆ."

ಸುಳ್ಳಲ್ಲವಲ್ಲ.

ತೊಕ್ಮೊಕ್ ಊರು ದಾಟಿದೆ. ಜೋಳ, ಜೇನು ಮಾರುವವರನ್ನು ದಾಟಿದೆ. ಕಾಲು ಎಕ್ಸಲರೇಟರ್ ಬಿಟ್ಟು ಮೇಲೇಳಲಿಲ್ಲ. ಕನ್ನಡಿಯಲ್ಲಿ ಎರಡು ಸಲ ಒಂದು ಕಪ್ಪು ಜೀಪು ಕಂಡಂತಾಯಿತು. ಮೂರನೇ ಸಲ ಕಾಣಲಿಲ್ಲ. ಕಂಡಿದ್ದರೇ ವಾಸಿಯಿತ್ತು...

ಬೂಮ್ ಕಣಿವೆಯ ಬಾಯಲ್ಲಿ ಬಿಳಿ ಕಾರು ಸಿಕ್ಕಿತು.

ಹಿಂದಿನಿಂದ ನೋಡುತ್ತಲೇ ಗೊತ್ತಾಯಿತು. ತಿರುವಿನಲ್ಲಿ ಮೂತಿ ಒಂದು ದಿಕ್ಕಿಗೆ ಹೋದರೆ ಬಾಲ ಸ್ವಲ್ಪ ಯೋಚಿಸಿ ಹೋಗುತ್ತಿತ್ತು. ಒಳಗೆ ಕೂತವರಿಗೆ ಏನೂ ಕೇಳಿಸದು. ಕೇಳಿಸದ ಹಾಗೆ ನಾನೇ ಮಾಡಿದ್ದೆ.

ಹಾರ್ನ್ ಇಲ್ಲ. ದೀಪ ಮಿಣುಕಿಸಿದೆ. ಕಿಟಕಿಯಿಂದ ಕೈ ಬೀಸಿದೆ.

ಜೂರಾ ವೇಗ ಹೆಚ್ಚಿಸಿದಳು.

ಅವಳ ತಪ್ಪಿಲ್ಲ. ಮುರುಕಲು ಕಾರಿನಲ್ಲಿ ಕೆದರಿದ ತಲೆಯ ಹೆಂಗಸು ಕೈ ಬೀಸಿದರೆ ನಾನೂ ನಿಲ್ಲಿಸುತ್ತಿರಲಿಲ್ಲ. ಆದರೆ ಅವಳು ವೇಗ ಹೆಚ್ಚಿಸಿದಷ್ಟೂ ಬಾಲ ಅಲುಗುತ್ತಿತ್ತು. ನಾನು ಬೆನ್ನಟ್ಟಿದರೆ ಅವಳು ಸಾಯುತ್ತಾಳೆ. ಬೆನ್ನಟ್ಟದಿದ್ದರೂ ಸಾಯುತ್ತಾಳೆ.

ಮುಂದೆ ಕುರುಡು ತಿರುವು. ಎದುರಿನಿಂದ ಏನು ಬರುತ್ತದೋ ದೇವರಿಗೇ ಗೊತ್ತು. ಎಡಕ್ಕೆ, ಎದುರು ಬರುವವರ ದಾರಿಗೆ ಹೊರಳಿಸಿ ನುಗ್ಗಿದೆ... ಎದುರಿಗೆ ಲಾರಿ ಬಂತು. ಲಾರಿಯ ಹಾರ್ನು, ಧೂಳು, ನನ್ನ ಕನ್ನಡಿ ಹಾರಿದ ಸದ್ದು. ಕಣ್ಣು ಬಿಟ್ಟಾಗ ಬಿಳಿ ಕಾರಿನ ಮುಂದಿದ್ದೆ. ಮೆಲ್ಲಮೆಲ್ಲಗೆ ಬ್ರೇಕ್ ಒತ್ತುತ್ತ ರಸ್ತೆಗೆ ಅಡ್ಡ ನಿಂತೆ.

ಬಿಳಿ ಕಾರೂ ನಿಂತಿತು.

ಜೂರಾ ಇಳಿದಳು. ನನಗಿಂತ ಹಿರಿಯಳು, ಅಗಲ ಭುಜ, ಕೈಯಲ್ಲಿ ಚಕ್ರದ ಸ್ಪಾನರು.

"ಪ್ಯಾಸೆಂಜರ್ ಕಸಿಯೋಕೆ ಬಂದ್ಯೇನೇ? ಯಾವ ಸ್ಟ್ಯಾಂಡಿನೋಳು ನೀನು?"

"ಅಕ್ಕಾ, ಈ ಕಾರು ಎರಡು ತುಂಡು. ಬೆಸುಗೆ ಬಿಟ್ಟಿದೆ."

"ನಿನ್ನ ತಲೆ ಬೆಸುಗೆ ಬಿಟ್ಟಿದೆ. ಸದ್ದಿತ್ತು, ತಿಲೆಕ್ ರಿಪೇರಿ ಮಾಡ್ಸಿದ."

"ಮಾಡಿದೋಳು ನಾನೇ. ರಿಪೇರಿ ಅಲ್ಲ, ಉಣ್ಣೆ ತುರುಕಿದೀನಿ. ರಾಡ್ ಹಿಡ್ಕೊಂಡು ನಿಂತಿದ್ದ, ತುರುಕಿದೆ. ಡಿಕ್ಕಿ ತೆಗಿ, ತೋರಿಸ್ತೀನಿ."

ಹಿಂದಿನ ಸೀಟಿನಿಂದ ಎಳೆಯ ಗಂಡಹೆಂಡತಿ ಇಣುಕಿದರು. ಹೆಂಡತಿಯ ತೋಳಲ್ಲಿ ಕೂಸು. ಮುಂದಿನ ಸೀಟಿನಿಂದ ಬಿಳಿ ಟೋಪಿಯ ಅಜ್ಜನೊಬ್ಬ ಇಳಿದು ಬಂದ. ಮೊಮ್ಮಗನ ನಾಮಕರಣಕ್ಕೆ ಹೊರಟವನು.

"ಡಿಕ್ಕಿ ತೆಗಿ ಅಂತಾಳೆ," ಗಂಡ ಪಿಸುಗುಟ್ಟಿದ. "ನಮ್ ಸಾಮಾನೆಲ್ಲ ಅಲ್ಲೇ ಇರೋದು."

ಅಷ್ಟರಲ್ಲಿ ಕಪ್ಪು ಜೀಪು ಬಂದು ನಿಂತಿತು.

ತಿಲೆಕ್. ಅಂಗಿಯ ಇಸ್ತ್ರಿ ಕೆಟ್ಟಿತ್ತು, ನಗುವಿನದು ಕೆಟ್ಟಿರಲಿಲ್ಲ. ನನ್ನ ಶೆಡ್ಡಿಗೆ ಹೋಗಿದ್ದನಂತೆ. ನಾನೂ ಇಲ್ಲ, ನನ್ನ ಕಾರೂ ಇಲ್ಲ ಅಂದಾಗ ಎಲ್ಲ ತಿಳಿದುಕೊಂಡ.

"ಜೂರಾ ಅಕ್ಕಾ, ಹೆದರ್ಬೇಡಿ. ಇವಳು ನನ್ನ ಹತ್ರ ಕೆಲಸಕ್ಕಿದ್ಲು. ಕುಡೀತಾಳೆ ಅಂತ ತೆಗ್ದೆ. ಈಗ ನನ್ನ ಗಿರಾಕಿಗಳ ಹಿಂದೆ ಬಿದ್ದಿದಾಳೆ." ಹೋಗಿ ಡಿಕ್ಕಿಯ ಮುಚ್ಚಳದ ಮೇಲೆ ಅಂಗೈಯೂರಿ ನಿಂತ. "ಪಾಪ, ಒಳ್ಳೆ ಕೆಲಸಗಾರ್ತಿ."

ಹೆಂಡತಿ ಕೂಸನ್ನು ನನ್ನಿಂದ ಆಚೆ ತಿರುಗಿಸಿಕೊಂಡಳು.

ಅನುಮಾನ ಶುರುವಾದ ಮೇಲೆ ಯಾರು ಹೆಚ್ಚು ಮಾತಾಡುತ್ತಾರೋ ಅವರೇ ಸೋಲುತ್ತಾರೆ. ಜೂರಾ ನನ್ನ ಮುಖ ನೋಡಿದಳು. ತಿಲೆಕ್‌ನ ಮುಖ ನೋಡಿದಳು. ಕೊನೆಗೆ ಡಿಕ್ಕಿ ಒತ್ತಿ ಹಿಡಿದ ಅವನ ಅಂಗೈಯನ್ನು ನೋಡಿದಳು.

"ತಿಲೆಕ್, ಕಾರು ಗಟ್ಟಿನಾ?"

"ಬಂಡೆ ಥರ."

"ಹಾಗಿದ್ರೆ ಬದಲಾಯ್ಸಿಕೊಳ್ಳೋಣ. ಇದು ನಿಂಗೆ, ಜೀಪು ನಂಗೆ. ಕಂತಲ್ಲ, ಸಾಲವಲ್ಲ. ಕಾರಿಗೆ ಕಾರು."

ಅವನು ಜೀಪು ನೋಡಿದ. ನನ್ನನ್ನು ನೋಡಿದ. ಈ ಬಿಳಿ ಕಾರು ನನ್ನ ಕೈಗೆ ಸಿಕ್ಕರೆ ನಾಳೆ ಬಜಾರಿಗೆಲ್ಲ ಡಿಕ್ಕಿ ತೆರೆದು ತೋರಿಸುತ್ತೇನೆ ಅನ್ನುವುದು ಅವನಿಗೆ ಗೊತ್ತಿತ್ತು. ಈಗಾಗಲೇ ಇಂಥವು ಎಷ್ಟು ಮಾರಿದ್ದಾನೋ.

"ಆಯ್ತು," ಅಂದ.

ಜೀಪಿನ ಬೆಲೆ ಬಿಳಿ ಕಾರಿನ ನಾಲ್ಕು ಪಟ್ಟು. ಒಂದು ಮಾತು ಚೌಕಾಸಿ ಮಾಡದೆ ಒಪ್ಪಿಬಿಟ್ಟ. ಜೂರಾಳ ಮುಖ ಬಿಳಿಚಿತು. ಸಾಕ್ಷಿಗೆ ಡಿಕ್ಕಿ ತೆರೆಯುವ ಅಗತ್ಯವೇ ಉಳಿಯಲಿಲ್ಲ.

ಅಜ್ಜ ಮುಂದೆ ಬಂದ. "ನಿಲ್ರಿ. ಬಾಯಿ ಮಾತಿಗೆ ಬೆಲೆಯಿಲ್ಲ. ಕೈ ಕೊಡ್ರಿ."

ಇಬ್ಬರೂ ಕೈ ಕೊಟ್ಟರು. ಅಜ್ಜ ತನ್ನೆರಡೂ ಅಂಗೈ ಮೇಲೆತ್ತಿ ಹರಸಿ, ಮುಖದ ಮೇಲೆ ಎಳೆದುಕೊಂಡ. ನಾವೆಲ್ಲ ಎಳೆದುಕೊಂಡೆವು. ತಿಲೆಕ್ ಕೂಡ. ನಮ್ಮ ಕಡೆ ಹಿರಿಯರ ಈ ಹಾರೈಕೆ ಆದ ಮೇಲೆ ವ್ಯಾಪಾರ ಮುಗಿಯಿತು. ಕೋರ್ಟಿಗೂ ಅಲುಗಿಸಲಾಗದು.

ಗಂಡ ಡಿಕ್ಕಿಯ ಸಾಮಾನನ್ನು ಜೀಪಿಗೆ ಹಾಕಿದ, ಪ್ಯಾಸೆಂಜರ್‌ಗಳೆಲ್ಲ ಅದಕ್ಕೇ ಹತ್ತಿದರು. ತಿಲೆಕ್ ಬಿಳಿ ಕಾರು ಹತ್ತಿದ. ನಾನು ಕಿಟಕಿಗೆ ಹೋಗಿ ಬಗ್ಗಿದೆ.

"ನಿಧಾನಕ್ಕೆ ಹೋಗು ತಿಲೆಕ್. ತಿರುವಿನಲ್ಲಿ ಕಾಲ್ನಡಿಗೆ ವೇಗ. ಕಣಿವೆ ದಾಟಿ ನಿಲ್ಸು, ಅಲ್ಲಿಂದ ಎಳೆಸ್ಕೊಂಡು ಹೋಗು."

"ನೀನೇ ಹೇಳ್ಬೇಕು," ಅಂದ. ಈಗ ಅಕ್ಕ ಇಲ್ಲ, ಬಹುವಚನ ಇಲ್ಲ. "ಸದ್ದೇ ಇಲ್ವಲ್ಲೇ."

ನಗರದ ಕಡೆ ಮೂತಿ ತಿರುಗಿಸಿದ. ನನಗಿಂತ ಮೊದಲು ಊರು ಮುಟ್ಟಿ ಕಾರು ಸುಡಬೇಕೆಂಬ ಆತುರ ಅವನಿಗೆ. ನಾನು ಹಿಂದೆಯೇ ಹೊರಟೆ, ಹಿಡಿಯಲಲ್ಲ. ಯಾರಾದರೂ ಹಿಂದೆ ಇರಲೇಬೇಕಿತ್ತು.

ರಸ್ತೆ ಕೆಲಸ ನಡೆಯುವ ಕಡೆ ಜಲ್ಲಿ. ಅವನು ವೇಗ ಇಳಿಸಲಿಲ್ಲ. ಮೂತಿ ತಿರುವಿಗೆ ಹೊರಳಿತು. ಬಾಲ ಹೊರಳಲಿಲ್ಲ.

ಸದ್ದು ಒಂದೇ. ಎತ್ತಿನ ಬೆನ್ನೆಲುಬು ಮುರಿದಂತೆ.

ಹಿಂಭಾಗ ನದಿಗೆ ಉರುಳಿತು. ಮುಂಭಾಗ ಬಂಡೆಗೆ ಮೈ ಉಜ್ಜುತ್ತ ಹೋಗಿ ನಿಂತಿತು.

ಓಡಿದೆ. ತಿಲೆಕ್ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಹೆಗಲ ಮೂಳೆ ಮುರಿದಿತ್ತು, ಜೀವವಿತ್ತು. ಬೆನ್ನ ಹಿಂದೆ ಸೀಟಿರಬೇಕಾದ ಕಡೆ ಬರೀ ಗಾಳಿ ಬೀಸುತ್ತಿತ್ತು. ಆ ಕೂಸು ಕೂತಿದ್ದದ್ದು ಅದೇ ಜಾಗದಲ್ಲಿ. ಚಾಕು ತೆಗೆದೆ. ಅವನು ಕಣ್ಣು ಮುಚ್ಚಿಕೊಂಡ.

ಬೆಲ್ಟ್ ಕುಯ್ದೆ.

"ಅಕ್ಕಾ..." ಅಂದ. "ಯಾರಿಗೂ ಹೇಳ್ಬೇಡಿ."

"ಹೇಳೋದೇನಿದೆ? ನೋಡಿದ್ರೆ ಸಾಕು."

ಬೇಸಿಗೆ ಮುಗಿಯುವುದರೊಳಗೆ ಅವನು ಮಾರಿದ ಇನ್ನೂ ಕೆಲವು ಕಾರುಗಳ ಡಿಕ್ಕಿ ತೆರೆದು ನೋಡಿದೆವು. ಮೊಕದ್ದಮೆ ನಡೆಯುತ್ತಿದೆ. ನನ್ನ ಶೆಡ್ಡು ಇನ್ನೂ ನಿಂತಿದೆ. ಜೀಪು ವಾಪಸ್ ಕೊಡಿಸಿ ಅಂತ ತಿಲೆಕ್ ಅಜ್ಜನಿಗೆ ಹೇಳಿ ಕಳಿಸಿದನಂತೆ. ಹರಸಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಹೇಗೆ ಅಂತ ಅಜ್ಜ ಅವನನ್ನೇ ಕೇಳಿದನಂತೆ.

ಜೂರಾ ಈಗ ದಿನಾ ನರಿನ್‌ಗೆ ಜೀಪು ಓಡಿಸುತ್ತಾಳೆ. ಒಮ್ಮೆ ಅವಳ ಪಕ್ಕ ಕೂತು ಘಾಟಿ ಹತ್ತಿ ಇಳಿದೆ, ಕಿವಿ ಕೊಟ್ಟೇ ಕೂತಿದ್ದೆ. ಬಿಗಿಯಾದ ಗಾಡಿ, ಒಂದು ಸ್ಕ್ರೂ ಸಡಿಲವಿಲ್ಲ.

ಕಳ್ಳ ತನಗೇ ಅಂತ ಇಟ್ಟುಕೊಂಡ ಕಾರನ್ನು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದು.