ಮೂರನೇ ನಂಬರಿನ ಎರಡು ಚಾಸಿಗಳು

೧೯೦೬ರ ಮಾರ್ಚ್ ೧೨, ಸೋಮವಾರ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಲ್ಯಾಂಗ್ರಿಶ್ ಮೋಟಾರು ಕಾರ್ಖಾನೆಯ ಮ್ಯಾನೇಜರ್ ಪೆಲ್ಹಾಮ್ ಕೊವೆಂಟ್ರಿ ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗದ ಶೆಡ್ಡಿನಿಂದ ಮೂರನೇ ನಂಬರಿನ ಚಾಸಿ, ಅಂದರೆ ಮೋಟಾರಿನ ಅಡಿ ಚೌಕಟ್ಟು, ಕಳುವಾಗಿತ್ತು.

ಇನ್ಸ್‌ಪೆಕ್ಟರ್ ಸ್ಯಾಚ್‌ವೆಲ್ ದೂರು ದಾಖಲಿಸಿ, ಕಾನ್‌ಸ್ಟೇಬಲ್ ಓಡೆಲ್‌ನೊಂದಿಗೆ ಹತ್ತಕ್ಕೆ ಶೆಡ್ಡು ತಲುಪಿದರು. ಬರಿಯ ಉಕ್ಕಿನ ಚೌಕಟ್ಟುಗಳು ಏಳು ನಿಂತಿದ್ದವು. ಅವುಗಳ ನಂಬರಿನ ಬಿಲ್ಲೆಗಳನ್ನು ಓದುತ್ತ ಹೋದ ಓಡೆಲ್ ತಟ್ಟನೆ ನಿಂತ.

“ಸಾರ್, ಮೂರನೇ ನಂಬರು ಇಲ್ಲೇ ಇದೆಯಲ್ಲ!”

“ಅದು ಬೇರೆ ಮೂರು,” ಎಂದರು ಪೆಲ್ಹಾಮ್.

“ಎಷ್ಟು ಮೂರು ಇಟ್ಕೊಂಡಿದ್ದೀರಿ?” ಸ್ಯಾಚ್‌ವೆಲ್ ಕೇಳಿದರು.

“ಎರಡು. ನಕ್ಷೆ ಮಾಡೋರು ಇಬ್ಬರು, ಇಬ್ಬರೂ ಒಂದರಿಂದಲೇ ಶುರು ಮಾಡಿದ್ರು. ಪರಸ್ಪರ ಮಾತಿಲ್ಲ. ಈ ವಾರ ಎಲ್ಲ ವಿಂಗಡಿಸಿ ಬೇಡದ್ದನ್ನ ಕುಲುಮೆಗೆ ಹಾಕೋದಿತ್ತು.”

“ಕಳುವಾದದ್ದು?”

“ಬೇಡದ್ದು.”

“ಬೇಡದ್ದಕ್ಕೆ ದೂರು ಯಾಕೆ?”

ಪೆಲ್ಹಾಮ್ ಬಾಗಿಲ ಕಡೆ ನಡೆದರು. ಓಡೆಲ್ ತಗ್ಗಿದ ದನಿಯಲ್ಲಿ ಹೇಳಿದ: “ನವೆಂಬರಿನಲ್ಲಿ ವಿಲ್ಫ್ ಬೊನಿವೆಲ್ ಸತ್ತದ್ದು ಮೂರನೇ ನಂಬರಿನಲ್ಲೇ, ಸಾರ್.”

ವಿಲ್ಫ್ ಹೊಸ ಗಾಡಿಗಳನ್ನು ಓಡಿಸಿ ನೋಡುತ್ತಿದ್ದವನು. ಇಳಿಜಾರಿನಲ್ಲಿ ಚಾಸಿ ಮುರಿದು ಸತ್ತಿದ್ದ. ಮರಣ ವಿಚಾರಣೆಯಲ್ಲಿ ಮೂರನೇ ನಂಬರಿನ ನಕ್ಷೆ ನೋಡಿದವರು ಚಾಸಿ ಗಟ್ಟಿ, ಅತಿವೇಗವೇ ಕಾರಣ ಎಂದು ಬರೆದಿದ್ದರು.

ಸ್ಯಾಚ್‌ವೆಲ್ ಎರಡೂ ನಕ್ಷೆಗಳನ್ನು ವಶಕ್ಕೆ ಪಡೆದರು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕಾರ್ಖಾನೆಯ ಕಮ್ಮಾರ ಆಬೆಲ್ ಮಾಸರ್ ತಳ್ಳುಗಾಡಿಯಲ್ಲಿ ಗೋಣಿ ಮುಚ್ಚಿ ಏನೋ ಒಯ್ದನೆಂದು ಗೇಟಿನವನು ಹೇಳಿಕೆ ಕೊಟ್ಟ. ಮಾಸರ್ ವಿಲ್ಫ್‌ಗೆ ಹೆಣ್ಣು ಕೊಟ್ಟ ಮಾವ. ಇಂದು ಕೆಲಸಕ್ಕೆ ಬಂದಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಊರಾಚೆಯ ತನ್ನ ತರಕಾರಿ ತೋಟದಲ್ಲಿ ಮಾಸರ್ ತಾನೇ ಗೋಣಿ ಸರಿಸಿ ತೋರಿಸಿದ. ಪಕ್ಕದ ತೋಟದ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು: ಎಡಗಡೆಯ ಉದ್ದ ಪಟ್ಟಿ ನಾಲ್ಕನೇ ತೂತಿನ ಬಳಿ ಮುರಿದಿದೆ.

“ತೂತು ಕೊರೆದವರು ಯಾರು?”

“ನಾನೇ. ಹಗುರ ಆಗಲಿ ಅಂತ ಹದಿನಾಲ್ಕು. ಮೂರನೇ ನಂಬರಿನ ನಕ್ಷೆ ಅಂತ ಕೊಟ್ರು.”

ಸ್ಯಾಚ್‌ವೆಲ್ ಎರಡು ನಕ್ಷೆಗಳನ್ನೂ ತಳ್ಳುಗಾಡಿಯ ಮೇಲೆ ಹರಡಿದರು. ದಪ್ಪ ಉಕ್ಕಿನ ನಕ್ಷೆಯಲ್ಲಿ ಹದಿನಾಲ್ಕು ತೂತುಗಳಿದ್ದವು. ತೆಳು ಉಕ್ಕಿನದರಲ್ಲಿ ಒಂದೂ ಇರಲಿಲ್ಲ. ಮುರಿದ ಪಟ್ಟಿ ತೆಳುವಿನದು.

“ನಿಮಗೆ ಕೊಟ್ಟದ್ದು ಇನ್ನೊಂದು ಮೂರರ ನಕ್ಷೆ. ಮರಣ ವಿಚಾರಣೆಯವರು ನೋಡಿದ್ದೂ ಅದನ್ನೇ.”

“ತೆಳ್ಳಗಿದೆ ಅಂತ ಕೈಗೇ ಗೊತ್ತಾಗಿತ್ತು, ಸಾಹೇಬ್ರೇ. ಕೇಳಿದೆ. ‘ನಕ್ಷೆ ನೋಡೋಕೆ ನಾವಿದ್ದೀವಿ, ನೀನು ಕೊರಿ’ ಅಂದ್ರು ಪೆಲ್ಹಾಮ್. ಕೊರೆದೆ.”

“ಕದ್ದದ್ದು ಯಾಕೆ?”

“ಕರಗಿಸಿಬಿಟ್ರೆ ಅಳಿಯ ಕುರುಡು ವೇಗದಲ್ಲಿ ಓಡಿಸಿ ಸತ್ತ ಅನ್ನೋದೇ ಉಳಿಯುತ್ತೆ. ಮಗಳಿಗೆ ಇದನ್ನ ತೋರಿಸಿ, ಆದದ್ದು ಹೇಳೋಣ ಅಂತ ತಂದೆ. ನಾಲ್ಕು ತಿಂಗಳಿಂದ ಒಂದೇ ಮೇಜಲ್ಲಿ ಊಟ ಮಾಡ್ತೀವಿ.”

“ಹೇಳಿದ್ರಾ?”

“ಬಾಯಿ ಬರಲಿಲ್ಲ.”

ನಾಲ್ಕೂ ಇಪ್ಪತ್ತಕ್ಕೆ ಆಬೆಲ್ ಮಾಸರ್‌ನ ಬಂಧನವಾಯಿತು. ಪೆಲ್ಹಾಮ್ ಅಂದ ಮಾತನ್ನು ಸ್ಯಾಚ್‌ವೆಲ್ ಹೇಳಿಕೆಯಲ್ಲಿ ಬರೆದುಕೊಂಡರು. ಕಳುವಿನ ದೂರಿನ ಮೇಲೆ ಅವರು ಹಿಡಿಯಬಹುದಾಗಿದ್ದದ್ದು ಕದ್ದವನನ್ನು ಮಾತ್ರ.

ಆರು ಗಂಟೆಗೆ ಮಗಳು ಈಡಿತ್ ಅಪ್ಪನಿಗೆ ಬ್ರೆಡ್ಡು, ಚೀಸು ಕಟ್ಟಿಕೊಂಡು ಬಂದಳು. ಠಾಣೆಯ ಅಂಗಳದಲ್ಲಿ ಬಿದ್ದಿದ್ದ ಚಾಸಿ ವಿಲ್ಫ್ ಓಡಿಸಿದ್ದೇ ಎಂದು ಓಡೆಲ್ ಹೇಳಿದ. ಅವಳು ಬಗ್ಗಿ, ಪಟ್ಟಿ ಮುರಿದ ಕಡೆಯ ತೂತಿನ ಅಂಚಿನ ಮೇಲೆ ಬೆರಳಾಡಿಸಿದಳು.

“ಇಷ್ಟು ನುಣ್ಣಗೆ ಕೊರೆಯೋದು ನಮ್ಮಪ್ಪ ಒಬ್ಬರೇ,” ಎಂದಳು.

ಬುತ್ತಿಯನ್ನು ಬೆಂಚಿನ ಮೇಲಿಟ್ಟು, ಅಪ್ಪನನ್ನು ನೋಡದೆಯೇ ಅವಳು ಹೊರಟುಹೋದಳು.